ಬಿಳಿದನ್ನ ನೋಡ್ತಾ ಕರಿದನ್ನ ಮರ್ತ್ವಿ

ಹೋದ ಸಲ ಮಾವಿನಮಿಡಿ ಉಪ್ಪಲ್ಲಿ ಹಾಕದ್ರ ಬಗ್ಗೆ ಬರ್ದಿದ್ದೆ. ಈ ಸಲದ್ದು ಅಡಿಗೆ ಸುದ್ದಿ ಅಲ್ಲ. ಆದ್ರೆ ಅಡಿಗೆಮನೆ ತಕ್ಕಡಿ, ಮೊಸರಿನ ಹೆಪ್ಪು, ಕಲ್ಲುಪ್ಪು ಎಲ್ಲಾ ಮಧ್ಯ ಮಧ್ಯ ಬರ್ತದೆ, ಹಂಗಾಗಿ ಪೂರ್ತಿ ಓದಿ.

ಏಪ್ರಿಲಲ್ಲಿ ನಾನು ಹಲ್ಲು ಕಟ್ಟಿಸ್ಕಳಕ್ಕೆ ಅಂತ ಬೆಂಗಳೂರಿಗೆ ಹೋಗಿ ತಂಗಿ ಮಗಳ ಮನೇಲಿ ಮೂರು ವಾರ ಕೂತಿದ್ದು ನಿಮಗೆಲ್ಲ ಗೊತ್ತು. ಹೊರಡೋ ಹಿಂದಿನ ದಿನ ರಾತ್ರಿ ಅವಳ ಫೋನು ಬಂತು. "ದೊಡ್ಡಮ್ಮ, ಕೆಳಗಿನ ಮನೆ ಬಾಡಿಗೆಯವರು ಮನೆ ಬಿಟ್ಟು ಹೋದ್ರು. ಒಂದು ಗಾಜಿನ ತೊಟ್ಟಿ, ಅದ್ರಲ್ಲಿ ಎರಡು ಪ್ರಾಣಿ, ಹಂಗೇ ಬಿಟ್ಟು ಹೋಗಿದಾರೆ. ಓನರಮ್ಮ ಟಾಯ್ಲೆಟ್ಟಿಗೆ ಸುರೀತೀನಿ ಅಂತಿದ್ರು, ನಾನು ಎತ್ಕಂಡು ಬಂದೆ. ಈಗ ಎಂತ ಮಾಡ್ಲಿ?" ಎಂತ ಪ್ರಾಣಿ ಅಂದ್ರೆ ಒಂದು ಹೆಸರು ಹೇಳಿದ್ಲು, ನನ್ನ ನಾಲಿಗೆಗೆ ಹತ್ತಲಿಲ್ಲ. ಫೋಟೋ ಕಳಿಸಿದ್ಲು. ಹಲ್ಲಿ ಹಂಗೆ ನಾಕು ಕಾಲು, ಮೀನಿನ ಹಂಗೆ ಬಾಲ, ಕಿವಿ ಹತ್ರ ಆಚೀಚೆ ಮೂರು ಮೂರು ಗರಿ. ಬಾಯಿ ನೋಡಿದ್ರೆ ಯಾವಾಗ್ಲೂ ನಗ್ತಾ ಇರೋ ಹಂಗೆ. ಒಂದು ಬಿಳಿ ಗುಲಾಬಿ, ಇನ್ನೊಂದು ಕರಿ. ಅದಕ್ಕೆ ಆಕ್ಸೊಲಾಟಲ್ ಅಂತಾರೆ. ಮೆಕ್ಸಿಕೋ ದೇಶದ್ದು.

ಮೊದಲೇ ಹೇಳಿಬಿಡ್ತೀನಿ. ಎರಡರಲ್ಲಿ ಒಂದು ಉಳೀಲಿಲ್ಲ. ಅದು ಉಳೀದೇ ಇರೋಕೆ ನಾವು ಪ್ರೀತಿ ಕಮ್ಮಿ ಮಾಡಿದ್ದು ಕಾರಣ ಅಲ್ಲ, ಪ್ರೀತಿ ಎಲ್ಲಾ ಒಂದೇ ಕಡೆ ಸುರಿದಿದ್ದು ಕಾರಣ. ಅದನ್ನೇ ಹೇಳ್ಬೇಕು ಅಂತ ಕೂತಿದೀನಿ.

ನಮ್ಮನೇಲಿ ಹೊಸ ದನ ತಂದ್ರೆ ಎಂತ ಮಾಡ್ತೀವಿ? ಒಂದೇ ಸಲ ಬೇರೆ ದನದ ಜೊತೆ ಕೊಟ್ಟಿಗೇಲಿ ಕಟ್ಟಲ್ಲ. ಹೊರಗಡೆ ಬೇರೆ ಕಟ್ಟಿ ನೀರು ಕುಡೀತದಾ, ಸಗಣಿ ಹೆಂಗೆ ಹಾಕ್ತದೆ, ಮೂಗು ಸೋರ್ತದಾ ಅಂತ ಎಂಟು ದಿನ ನೋಡ್ತೀವಿ. ಇಷ್ಟು ಬುದ್ಧಿ ನಮಗೆಲ್ಲ ಇದೆ. ಆದ್ರೆ ಕಾಪಾಡಿ ತಂದ ಜೀವ ಅಂದ ಕೂಡ್ಲೆ ಆ ಬುದ್ಧಿ ಎಲ್ಲಿಗೋ ಹೋಗ್ತದೆ. ಅಯ್ಯೋ ಪಾಪ ಅಂತ ತೊಳೆಯದು, ತಿನ್ನಿಸದು, ಮುಟ್ಟದು, ಮಕ್ಕಳಿಗೆ ತೋರಿಸದು.

ನಾನು ಸೋಮವಾರ ಬೆಳಿಗ್ಗೆ ಬಸ್ಸಿಳಿದು ಹೋಗದ್ರೊಳಗೆ ನಮ್ಮ ಪುಟ್ಟಿ ಅದನ್ನೆಲ್ಲ ಮಾಡಿ ಮುಗಿಸಿದ್ಲು. ಗಾಜಿನ ತೊಟ್ಟಿ ಫಳಫಳ ಅಂತಿತ್ತು. ತಳದಲ್ಲಿದ್ದ ನೀಲಿ ಹರಳೆಲ್ಲ ತೊಳೆದು ವಾಪಸ್ ಹಾಕಿದ್ಲು. ಫಿಲ್ಟರಿನ ಸ್ಪಂಜನ್ನ ನಲ್ಲಿ ನೀರಲ್ಲಿ ಹಿಂಡಿ ಹಿಂಡಿ ತೊಳೆದಿದ್ಲು. ಮೇಲೆ ಬಣ್ಣದ ಲೈಟು. ದಿನಕ್ಕೆರಡು ಸಲ ಊಟ. "ಎಷ್ಟು ಚಂದ ಮಾಡಿದೀನಿ ನೋಡಿ ದೊಡ್ಡಮ್ಮ" ಅಂದ್ಲು. ನಂಗೂ ಚಂದ ಅಂತ್ಲೇ ಕಂಡಿತ್ತು, ಸುಳ್ಳು ಯಾಕೆ ಹೇಳ್ಲಿ.

ಎರಡು ಕಡೆ ಡಾಕ್ಟ್ರು ನಾಯಿ ಬೆಕ್ಕು ಮಾತ್ರ ನೋಡ್ತೀವಿ ಅಂದ್ರು. ಮೂರನೆಯವರು ಇಂಥ ಪ್ರಾಣಿ ನೋಡೋರು, ಸಣ್ಣ ಹುಡುಗಿ, ಸಮಾಧಾನದವಳು. ಫೋನಲ್ಲೇ ಮೊದಲು ಕೇಳಿದ್ದು, "ನೀರು ಎಷ್ಟು ಡಿಗ್ರಿ ಇದೆ?" ನಾವು ಜ್ವರದ ಥರ್ಮಾಮೀಟರ್ ಹುಡುಕಿದ್ವಿ! ಅಕ್ವೇರಿಯಂ ಅಂಗಡಿಯಿಂದ ಒಂದು ತಂದು ಇಟ್ರೆ 28. ಈ ಪ್ರಾಣಿಗೆ ಬೇಕಾದ್ದು 16ರಿಂದ 18. 24 ದಾಟಿದ್ರೆ ಕಷ್ಟ ಶುರು. ನಮಗೆ ಉಗುರುಬೆಚ್ಚಗೆ ಅನ್ನಿಸೋದು ಅದಕ್ಕೆ ಒಲೆ ಮೇಲೆ ಕೂತ ಹಂಗೆ.

ಆಮೇಲೆ ಸ್ಪಂಜಿನ ಕಥೆ. ಇದು ನಂಗೆ ಬಾಳ ಇಷ್ಟ ಆದ ವಿಷಯ, ಯಾಕೆ ಅಂದ್ರೆ ಪೂರಾ ಹೆಪ್ಪಿನ ಲೆಕ್ಕ ಇದು. ಪ್ರಾಣಿ ಹೇತಿದ್ದು, ತಿಂದು ಬಿಟ್ಟಿದ್ದು ನೀರಲ್ಲಿ ಕೊಳೆತು ಅಮೋನಿಯಾ ಆಗ್ತದೆ. ಅದು ವಿಷ. ಆ ಅಮೋನಿಯಾನ ತಿಂದು ನೈಟ್ರೈಟ್ ಮಾಡೋದು ಒಂದು ಜಾತಿ ಬ್ಯಾಕ್ಟೀರಿಯಾ, ಅದೂ ವಿಷವೇ. ಅದನ್ನ ತಿಂದು ನೈಟ್ರೇಟ್ ಮಾಡೋದು ಇನ್ನೊಂದು ಜಾತಿ, ಇದು ಅಷ್ಟು ಕೆಟ್ಟದ್ದಲ್ಲ, ಆಗಾಗ ಸ್ವಲ್ಪ ನೀರು ಬದಲಿಸಿದ್ರೆ ಸಾಕು. ಈ ಬ್ಯಾಕ್ಟೀರಿಯಾ ಎಲ್ಲ ಇರದು ಆ ಕೊಳಕು ಸ್ಪಂಜಲ್ಲಿ. ನಲ್ಲಿ ನೀರಿನ ಕ್ಲೋರಿನ್ನಲ್ಲಿ ತೊಳೆದ್ರೆ ಅವು ಸಾಯ್ತವೆ, ಹೆಪ್ಪಿನ ಪಾತ್ರೆನ ಸೋಪು ಹಾಕಿ ತಿಕ್ಕಿ ಇಟ್ಟು ನಾಳೆ ಮೊಸರು ಆಗ್ಲಿ ಅಂದ ಹಂಗೆ. ಹೊಸದಾಗಿ ಹೆಪ್ಪು ಬೆಳೆಯಕ್ಕೆ ನಾಕರಿಂದ ಆರು ವಾರ ಬೇಕು. ಡಾಕ್ಟ್ರು ಹೇಳಿದ ಪರೀಕ್ಷೆ ದ್ರಾವಣ ತಂದು ಹನಿ ಹಾಕಿದ್ವಿ. ಅಮೋನಿಯಾ ಇಲ್ದಿದ್ರೆ ಹಳದಿ ಬರ್ಬೇಕು. ನಮ್ಮದು ಹಸಿ ಬಾಳೆಲೆ ಹಸಿರು ಬಂತು.

ಹಂಗಾಗಿ ಗಾಜಿನ ಅರಮನೆ ಖಾಲಿ ಮಾಡಿ ಎರಡು ಪ್ಲಾಸ್ಟಿಕ್ ಟಬ್ಬು ತಂದ್ವಿ. ಒಂದಕ್ಕೊಂದು ಬೇರೆ. ಹಸಿವಾದ್ರೆ ಒಂದರ ಕಾಲು ಇನ್ನೊಂದು ಕಚ್ತದೆ, ಕಾಯಿಲೆ ಇದ್ರೆ ಅಂಟ್ತದೆ, ಯಾರು ತಿಂದ್ರು ಯಾರು ಹೇತ್ರು ಗೊತ್ತಾಗಲ್ಲ. ಟಬ್ಬಲ್ಲಿ ಹರಳಿಲ್ಲ, ಲೈಟಿಲ್ಲ. ಅಡ್ಡ ಮಲಗಿಸಿದ ಒಂದು ಮಣ್ಣಿನ ಕುಂಡ, ಅಡಗಿ ಕೂರಕ್ಕೆ. ಮೇಲೊಂದು ದಪ್ಪ ಕರಿ ಬಟ್ಟೆ, ಗಾಳಿ ಆಡೋ ಹಂಗೆ. ಈ ಪ್ರಾಣಿಗೆ ಕಣ್ಣಿನ ರೆಪ್ಪೆ ಇಲ್ಲ, ಗೊತ್ತಾ? ಬೆಳಕು ಬೇಡ ಅಂದ್ರೆ ಕಣ್ಣು ಮುಚ್ಕಳಕ್ಕೂ ಆಗಲ್ಲ ಅದಕ್ಕೆ. ಮೂರು ದಿನ ಬಣ್ಣದ ಲೈಟಿನ ಕೆಳಗೆ ಇಟ್ಟಿದ್ವಲ್ಲ ಅಂತ ಪುಟ್ಟಿ ಅತ್ತೇಬಿಟ್ಲು.

ದಿನಾ ಪೂರ್ತಿ ನೀರು ಬದಲಿಸದು. ನಲ್ಲಿ ನೀರಿಗೆ ಕ್ಲೋರಿನ್ ತೆಗೆಯೋ ಔಷಧಿ ಹನಿ ಹಾಕಿ, ಹಿಂದಿನ ದಿನವೇ ಬಕೆಟ್ಟಲ್ಲಿ ಹಿಡಿದಿಟ್ಟು, ಟಬ್ಬಿನ ನೀರಿನಷ್ಟೇ ತಂಪು ಮಾಡಿ ಹಾಕ್ಬೇಕು. ತಂಪು ಮಾಡೋದು ಫ್ರೀಜರಲ್ಲಿ ಗಟ್ಟಿ ಮಾಡಿದ ನೀರಿನ ಬಾಟ್ಲಿ, ಮುಚ್ಚಳ ಬಿಗಿ ಮಾಡಿ ತೇಲಿ ಬಿಡದು, ಜೊತೆಗೆ ಟೇಬಲ್ ಫ್ಯಾನು ನೀರಿನ ಮೇಲೆ ಬೀಸೋ ಹಂಗೆ ಇಡದು. 28ರಿಂದ ಒಂದೇ ಸಲ 18ಕ್ಕೆ ಇಳಿಸಿದ್ರೆ ಅದೂ ಆಘಾತವೇ. ಒಂದೂವರೆ ದಿನ ತಗಂಡ್ವಿ. ಎತ್ತಬೇಕಾದ್ರೆ ಕೈಯಲ್ಲಿ ಹಿಡಿಯಕ್ಕಿಲ್ಲ, ಮೈ ಮೇಲಿನ ಲೋಳೆ ಹೋದ್ರೆ ಸೋಂಕು ಹತ್ತಕ್ಕೆ ದಾರಿ ಮಾಡ್ದಂಗೆ. ಬಲೆಯೂ ಬೇಡ, ಗರಿ ಸಿಕ್ಕಿ ಹರೀತದೆ. ಒಂದು ಡಬ್ಬಿ ನೀರಲ್ಲಿ ಮುಳುಗಿಸಿ ಅದರ ಪಾಡಿಗೆ ಅದು ಒಳಗೆ ಬರೋ ತನಕ ಕಾಯ್ಬೇಕು.

ಇಲ್ಲಿ ತನಕ ಎಲ್ಲಾ ಸರಿ ಮಾಡಿದ್ವಿ. ತಪ್ಪಿದ್ದು ಮುಂದೆ.

ಬಿಳಿದಕ್ಕೆ ಕಾಯಿಲೆ ಕಣ್ಣಿಗೆ ಹೊಡೆಯೋ ಹಂಗಿತ್ತು. ಗರಿ ಮೇಲೆ ಹತ್ತಿ ಹಂಗೆ ಬೂಷ್ಟು. ಗರಿ ಎಲ್ಲ ಮುಂದಕ್ಕೆ ಬಾಗಿತ್ತು, ಬಾಲದ ತುದಿ ಕೊಕ್ಕೆ ಹಂಗೆ ಮಡಚಿತ್ತು. ಎರಡೂ ಸಂಕಟದ ಗುರುತು ಅಂತ ಡಾಕ್ಟ್ರು ಹೇಳಿದ್ರು. ಹೊಟ್ಟೆ ಅಗಲ ತಲೆ ಅಗಲದಷ್ಟು ಇರ್ಬೇಕಂತೆ, ಇದರದ್ದು ಒಳಗೆ ಹೋಗಿತ್ತು. ಅಯೋಡಿನ್ ಹಾಕದ ಕಲ್ಲುಪ್ಪು ಹುಡುಕಿ ತಂದು, ಲೀಟರ್ ನೀರಿಗೆ ಎರಡು ಚಮಚ, ದಿನಕ್ಕೆರಡು ಸಲ ಹತ್ತೇ ನಿಮಿಷ ಅದರಲ್ಲಿ ಬಿಟ್ಟು ವಾಪಸ್. ಹತ್ತಕ್ಕಿಂತ ಜಾಸ್ತಿ ಬಿಟ್ರೆ ಗರಿ ಸುಟ್ಟು ಹೋಗ್ತದೆ, ಹಂಗಾಗಿ ನಾನು ಗಡಿಯಾರ ಹಿಡ್ಕಂಡು ನಿಲ್ತಿದ್ದೆ. ನಮ್ಮಮ್ಮ ಫೋನಲ್ಲಿ "ಒಂಚೂರು ಅರಿಶಿನ ಹಾಕ್ರೇ" ಅಂದ್ಲು. ನಮಗೆ ಒಗ್ಗಿದ್ದೆಲ್ಲ ಚರ್ಮದಲ್ಲೇ ಉಸಿರಾಡೋ ಜೀವಕ್ಕೆ ಒಗ್ಗಲ್ಲ ಅಂತ ಡಾಕ್ಟ್ರು ಬೇಡ ಅಂದ್ರು.

ಊಟದ್ದೂ ಒಂದು ತಮಾಷೆ. ಎರೆಹುಳ ಒಳ್ಳೇದು ಅಂದ್ರಲ್ಲ, ಎರೆಗೊಬ್ಬರ ಮಾರೋರ ಹತ್ರ ದುಡ್ಡು ಕೊಟ್ಟು ಕೆಂಪು ಹುಳ ತಂದ್ವಿ. ಬಿಳಿದು ಬಾಯಿಗೆ ತಗಂಡು ಥೂ ಅಂತ ಉಗೀತು, ಖಂಡಿತ ಹಂಗೇ ಕಂಡಿದ್ದು! ಆ ಗೊಬ್ಬರದ ಹುಳ ಕಹಿ ನೀರು ಬಿಡ್ತದಂತೆ. ಉಳವೀಲಿ ಮಳೆ ಬಿದ್ದ ಮಾರನೆ ದಿನ ಅಂಗಳದಲ್ಲಿ ತುಳಿಯಕ್ಕೆ ಜಾಗ ಇಲ್ದಂಗೆ ಬರೋ ಹುಳನ ನೆನೆಸ್ಕಂಡು ನಗು ಬಂತು. ಕೊನೆಗೆ ಮೇಲಿನ ಮನೆಯವರ ಹೂಕುಂಡದ ಮಣ್ಣಲ್ಲಿ, ಔಷಧಿ ಹೊಡೀದ ಕುಂಡ ಅಂತ ಕೇಳಿ ಖಾತ್ರಿ ಮಾಡ್ಕಂಡು, ದಪ್ಪ ಹುಳ ಸಿಕ್ತು. ಐದನೆ ದಿನ ಬಿಳಿದು ಅರ್ಧ ಹುಳ ನುಂಗಿತು. ಆ ದಿನ ನಾವು ಪಾಯಸ ಮಾಡಿದ್ದು ಹೌದು, ಆದ್ರೆ ಅದಕ್ಕೇ ಅಂತ ಅಲ್ಲ.

ಕರಿದು? ಕರಿದು ಕುಂಡದೊಳಗೆ ಸುಮ್ನೆ ಕೂತಿತ್ತು.

ಅದಕ್ಕೆ ಬೂಷ್ಟು ಇರ್ಲಿಲ್ಲ. ಹೊಟ್ಟೆ ಒಳಗೆ ಹೋಗಿರ್ಲಿಲ್ಲ, ದುಂಡಗೇ ಇತ್ತು. ಗುಂಡಗೆ ಚೆನ್ನಾಗಿದೆ ಇದು, ಅಂದ್ಕಂಡ್ವಿ. ತಿನ್ನಲಿಲ್ಲ. ಹೊಸ ಜಾಗ, ಹೊಂದ್ಕಳ್ಳಿ ಅಂದ್ವಿ. ಅದೂ ಸುಳ್ಳಲ್ಲ, ಹೊಸ ಜಾಗಕ್ಕೆ ಬಂದದ್ದು ಎರಡು ಮೂರು ದಿನ ತಿನ್ನದೇ ಇರದು ಸಹಜವೇ. ಆದ್ರೆ ಟಬ್ಬಿನ ನೀರು ಬದಲಿಸೋವಾಗ ಬಿಳಿದರ ಟಬ್ಬಲ್ಲಿ ಕಪ್ಪಗೆ ಗಟ್ಟಿ ಉಂಡೆ ಹಂಗೆ ಕಸ ಸಿಕ್ತಿತ್ತು, ಕರಿದರ ಟಬ್ಬಿನ ನೀರು ದಿನಾ ಸ್ವಚ್ಛ. ನಾನು ಅದಕ್ಕೆ ಸಂತೋಷ ಪಟ್ಟೆ ಕಣ್ರೇ! ಇದು ಗಲೀಜು ಮಾಡಲ್ಲ, ಪಾಪ, ಅಂತ. ಮೂರು ಮಕ್ಕಳನ್ನ ಹೆತ್ತು, ಮಗು ಎರಡು ದಿನ ಹೇಲಿಲ್ಲ ಅಂದ್ರೆ ಊರೆಲ್ಲ ಎಬ್ಬಿಸಿದವಳು ನಾನು. ಆರು ದಿನ ಹೇಲದ ಪ್ರಾಣಿ ನೋಡಿ ಒಳ್ಳೆ ಸ್ವಭಾವದ್ದು ಅಂದ್ಕಂಡೆ.

ಏಳನೆ ದಿನ ಅದು ಮೇಲೆ ತೇಲಕ್ಕೆ ಶುರು ಮಾಡ್ತು, ಕೆಳಗೆ ಹೋಗಕ್ಕೆ ಒದ್ದಾಡಿ ಮತ್ತೆ ಮೇಲೆ. ಆಗ ಓಡಿದ್ವಿ. ಡಾಕ್ಟ್ರು ಎಕ್ಸ್‌ರೇ ತೆಗೆದ್ರೆ ಹೊಟ್ಟೆ ತುಂಬ ಹರಳು. ಈ ಪ್ರಾಣಿ ತಿನ್ನೋದು ಬಾಯಿ ಫಕ್ಕನೆ ತೆಗೆದು ನೀರಿನ ಸಮೇತ ಎಳ್ಕಂಡು, ಹಂಗಾಗಿ ತಳದಲ್ಲಿ ಸಣ್ಣ ಕಲ್ಲಿದ್ರೆ ಅದೂ ಒಳಗೆ ಹೋಗ್ತದೆ. ಇನ್ನೂ ತಂಪು ಮಾಡಿ ಇಡಿ, ಕಾಯೋಣ, ಕೆಲವು ಸಲ ಹೊರಗೆ ಹಾಕ್ತವೆ ಅಂದ್ರು. ಒಂಬತ್ತನೆ ದಿನ ಬೆಳಿಗ್ಗೆ ನೋಡಿದ್ರೆ ಆಗಿ ಹೋಗಿತ್ತು. ಡಾಕ್ಟ್ರು ತೆಗೆದು ಕೊಟ್ಟದ್ದು ಕಡಲೆಕಾಳು ಗಾತ್ರದ ಏಳು ನೀಲಿ ಹರಳು. ಪುಟ್ಟಿ ಅದನ್ನ ಒಂದು ಡಬ್ಬೀಲಿ ಹಾಕಿ ಇಟ್ಕಂಡಿದಾಳೆ. ನಾನು ಬೇಡ, ಬಿಸಾಕು ಅಂದೆ. ಕೇಳಲಿಲ್ಲ.

ಮೊದಲ ದಿನವೇ ಎರಡನ್ನೂ ತೂಕ ಮಾಡಿ, ಎರಡಕ್ಕೂ ಒಂದೊಂದು ಪುಟ ಮಾಡಿ, ತಿಂತಾ, ಹೇತ್ತಾ, ತೇಲ್ತಾ, ಗರಿ ಹೆಂಗಿದೆ ಅಂತ ಬರೀತಾ ಬಂದಿದ್ರೆ ಮೂರನೆ ದಿನಕ್ಕೇ ಕರಿದರ ಪುಟ ನಮಗೆ ಕೂಗಿ ಹೇಳ್ತಿತ್ತು. ಉಳೀತಿತ್ತು ಅಂತ ಹೇಳಲ್ಲ, ಡಾಕ್ಟ್ರೂ ಹಂಗೆ ಹೇಳಲಿಲ್ಲ. ನಾಕು ದಿನ ಮುಂಚೆ ಗೊತ್ತಾಗ್ತಿತ್ತು, ಅಷ್ಟೆ. ಹೊಂದ್ಕಳಕ್ಕೆ ಬಿಡದು ಬೇರೆ, ನೋಡದು ಬೇರೆ. ಮುಟ್ಟಬೇಡಿ ಅಂದಿದ್ದನ್ನ ನಾವು ನೋಡಬೇಡಿ ಅಂತ ತಿಳ್ಕಂಡ್ವಿ, ಅದೂ ಒಂದರ ವಿಷಯದಲ್ಲಿ ಮಾತ್ರ. ಬಿಳಿದು ಚಂದ, ಗುಲಾಬಿ ಗರಿ, ಕಾಯಿಲೆ ಎದ್ದು ಕಾಣ್ತದೆ, ಎಲ್ಲರೂ ಅದರ ಸುತ್ತ. ಕರಿದರ ಮೈ ಬಣ್ಣದಲ್ಲಿ ಏನಿದ್ರೂ ಕಾಣಲ್ಲ, ಅದು ಸದ್ದೂ ಮಾಡಲ್ಲ. ನಮ್ಮ ಮನೆಗಳಲ್ಲೂ ಎರಡು ಹೆಣ್ಣುಮಕ್ಕಳಲ್ಲಿ ಯಾರ ಜ್ವರ ಮೊದಲು ಗೊತ್ತಾಗ್ತಿತ್ತು ಅಂತ ನನ್ನ ತಂಗಿ ಒಂದು ಮಾತು ಅಂದ್ಲು. ನಾನು ಉತ್ತರ ಕೊಡಲಿಲ್ಲ, ಯಾಕೆ ಅಂದ್ರೆ ನಮ್ಮಿಬ್ಬರಲ್ಲಿ ಸುಮ್ನೆ ಇರ್ತಿದ್ದೋಳು ಅವಳೇ.

ತೂಕದ ವಿಷಯ ಬಂತಲ್ಲ, ಹೆಂಗೆ ಅಂತ ಕೇಳ್ತೀರಿ. ಅಡಿಗೆಮನೆ ತಕ್ಕಡಿ ಮೇಲೆ ಒಂದು ಡಬ್ಬಿ ತಂಪು ನೀರು ಇಟ್ಟು ಸೊನ್ನೆ ಮಾಡದು, ಪ್ರಾಣಿನ ಅದರೊಳಗೆ ಬಿಡದು, ಅಂಕಿ ಬರ್ಕಂಡು ವಾಪಸ್ ಬಿಡದು. ಅರ್ಧ ನಿಮಿಷದ ಕೆಲಸ, ವಾರಕ್ಕೊಂದೇ ಸಲ.

ಈಗ ಇನ್ನೊಂದು ಜಗಳ. ಕರಿದು ಹೋದ ಮೇಲೆ ಪುಟ್ಟಿಗೆ ಧೈರ್ಯ ಹೋಯ್ತು. "ದೊಡ್ಡಮ್ಮ, ನೀವೇ ಇದನ್ನ ಊರಿಗೆ ತಗಂಡು ಹೋಗಿ, ಮಲ್ನಾಡು ತಂಪು, ತೋಟದ ಬಾವಿಗೋ ಕೆರೆಗೋ ಬಿಟ್ರೆ ಆರಾಮಾಗಿ ಇರ್ತದೆ" ಅಂದ್ಲು. ನನ್ನ ತಂಗಿಯೂ ಹೌದು ಅಂದ್ಲು. ಇಲ್ಲಿ ಓದ್ತಿರೋ ನಿಮ್ಮಲ್ಲೂ ಅರ್ಧ ಜನ ಹಂಗೇ ಅಂದ್ಕಂಡಿರ್ತೀರಿ.

ನಾನು ಆಗಲ್ಲ ಅಂದೆ. ತಂಪು ತಂಪು ಅಂತೀವಲ್ಲ, ಏಪ್ರಿಲ್ ಮಧ್ಯಾಹ್ನ ಉಳವೀಲಿ ಎಷ್ಟು ಸೆಕೆ ಅಂತ ನಮಗೆ ಗೊತ್ತಿಲ್ವಾ? ಬೆಂಗಳೂರಿನ ಜನಕ್ಕೆ ಮಾತ್ರ ಇದು ಊಟಿ. ಕರೆಂಟು ಹೋದ್ರೆ ಐಸಿನ ಬಾಟ್ಲಿ ಎಲ್ಲಿಂದ ತರ್ಲಿ, ಡಾಕ್ಟ್ರನ್ನ ಎಲ್ಲಿಂದ ತರ್ಲಿ.

ಕೆರೆಗೆ ಬಿಡೋ ಮಾತಂತೂ ಆಡಲೇಬಾರದು. ನಮ್ಮ ಸೊರಬದ ಕಡೆ ಕೆರೆಗೆ ಬರ ಇಲ್ಲ, ಆದ್ರೆ ಕೆರೆ ಅಂದ್ರೆ ಬೇಡದ್ದನ್ನ ಸುರಿಯೋ ಜಾಗ ಅಲ್ಲ. ಆಫ್ರಿಕದ ಕ್ಯಾಟ್‌ಫಿಶ್ ಹಿಂಗೇ ಯಾರೋ ಬಿಟ್ಟು, ನಮ್ಮ ಊರ ಮೀನನ್ನೆಲ್ಲ ತಿನ್ನೋ ಹಂಗೆ ಆಗಿದ್ದು ನೋಡಿದೀವಿ. ಈ ಆಕ್ಸೊಲಾಟಲ್ ಜಾತಿಗೇ ಹಂಗೇ ಆಗಿದ್ದು. ಅದರ ಊರು ಮೆಕ್ಸಿಕೋ ನಗರದ ಹತ್ರ ಸೊಚಿಮಿಲ್ಕೊ ಅನ್ನೋ ಕೆರೆ ಕಾಲುವೆ ಜಾಗ. ನಡುವೆ ಮಣ್ಣು ಏರಿಸಿ ತರಕಾರಿ ಬೆಳೀತಾರೆ, ಸುತ್ತ ನೀರು, ಫೋಟೋ ನೋಡಿದ್ರೆ ನಮ್ಮ ಅಡಿಕೆ ತೋಟದ ಬಸಿಗಾಲುವೆ ನೆನಪಾಗ್ತದೆ. ಜನರ ಊಟಕ್ಕೆ ಆಗ್ತದೆ ಅಂತ ಆ ನೀರಿಗೆ ಕಾರ್ಪ್, ತಿಲಾಪಿಯ ಮೀನು ತಂದು ಬಿಟ್ರು. ಅವು ಇದರ ಮೊಟ್ಟೆ ಮರಿ ತಿಂದ್ವು, ಜೊತೆಗೆ ನಗರದ ಕೊಳಕು ನೀರು. 1998ರಲ್ಲಿ ಎಣಿಸಿದಾಗ ಒಂದು ಚದರ ಕಿಲೋಮೀಟರಿಗೆ ಸುಮಾರು 6000 ಇದ್ದದ್ದು 2014ರ ಹೊತ್ತಿಗೆ 36ಕ್ಕೆ ಬಂತು. ಗಾಜಿನ ತೊಟ್ಟೀಲಿ ಮಾತ್ರ ಲೋಕದ ತುಂಬ ಇದಾವೆ, 1864ರಲ್ಲಿ ಪ್ಯಾರಿಸ್ಸಿಗೆ 34 ತಗಂಡು ಹೋದಲ್ಲಿಂದ ಶುರುವಾದ ಸಾಕಣೆ ಅದು. ಮೆಕ್ಸಿಕೋದವರು 2021ರಲ್ಲಿ 50 ಪೆಸೊ ನೋಟಿನ ಮೇಲೆ ಇದರ ಚಿತ್ರ ಹಾಕಿದಾರೆ.

ನಮ್ಮ ಕಡೆ ಇದರ ಜಾತಿಯ ಸಾಲಮ್ಯಾಂಡರ್ ಇಲ್ಲವೇ ಇಲ್ಲ. ನಮ್ಮ ದೇಶದಲ್ಲಿ ಡಾರ್ಜಿಲಿಂಗ್ ಕಡೆ, ಹಿಮಾಲಯದಲ್ಲಿ ಇದಾವೆ. ಆದ್ರೆ ನಮ್ಮಲ್ಲಿ ಕಪ್ಪೆ ಇದಾವೆ, ಬೇರೆ ಎಲ್ಲೂ ಸಿಗದಂಥವು. ಪಕ್ಕದ ಸಿದ್ದಾಪುರ ತಾಲ್ಲೂಕಿನ ಕತ್ತಲೆಕಾನಲ್ಲಿ ಗುರುರಾಜ ಅವರ ತಂಡ ನೋಡಿ 2014ರಲ್ಲಿ ಹೆಸರಿಟ್ಟ ಕುಂಬಾರ ಕಪ್ಪೆ ಇದೆಯಲ್ಲ, ಗಂಡು ಕಪ್ಪೆ ಎರಡು ಕೈಯಲ್ಲಿ ಕೆಸರು ತಗಂಡು ಮೊಟ್ಟೆಗೆ ಮೆತ್ತಿ ಕಾಯ್ತದೆ. ಗಡಿಗೆ ಮೆತ್ತಿದ ಹಂಗೇ. ಅಂಥ ಜೀವ ಇರೋ ನೀರಿಗೆ ಅಂಗಡಿಯಿಂದ ಅಂಗಡಿಗೆ ತಿರುಗಿ ಬಂದ ಪ್ರಾಣಿ ಬಿಡಬಾರದು. ಕೈಟ್ರಿಡ್ ಅಂತ ಒಂದು ಬೂಷ್ಟು ರೋಗ ಇದೆ, ಲೋಕದಲ್ಲಿ ಎಷ್ಟೋ ಕಪ್ಪೆ ಜಾತಿನ ಅದು ಅಳಿಸಿ ಹಾಕಿದೆ, ಮಾರಾಟದ ಪ್ರಾಣಿಗಳ ಜೊತೆ ದೇಶದಿಂದ ದೇಶಕ್ಕೆ ಹೋಗ್ತದೆ. ಟಬ್ಬಿನ ನೀರನ್ನೂ ನಾವು ಗಿಡಕ್ಕೆ ಹಾಕದೆ ಬಚ್ಚಲಿಗೇ ಬಿಡ್ತಿದ್ದದ್ದು ಅದಕ್ಕೆ.

ಇಷ್ಟೆಲ್ಲ ಕಷ್ಟ ಒಂದು ಹಲ್ಲಿಗಾ, ಅಂತ ಅತ್ತಿಗೆ ಕೇಳಿದ್ರು. ಅತ್ತಿಗೆ, ನಾವು ತಂದದ್ದಲ್ಲ ಅದು. 2021ರಲ್ಲಿ ಮೈನ್‌ಕ್ರಾಫ್ಟ್ ಅನ್ನೋ ಆಟದಲ್ಲಿ ಇದನ್ನ ಹಾಕಿದ್ರು, ಮಕ್ಕಳು ಬೇಕು ಬೇಕು ಅಂತ ಹಟ ಮಾಡ್ತಾವೆ. ಬೇಸಿಗೇಲಿ ಇದಕ್ಕೆ ನೀರು ತಂಪು ಮಾಡೋ ಯಂತ್ರ ಬೇಕು, ಹತ್ತು ಹದಿನೈದು ವರ್ಷ ಬದುಕ್ತದೆ ಅಂತ ಗೊತ್ತಿಲ್ದೆ ತಗಂಡೋರು ಬಾಡಿಗೆ ಮನೆ ಬಿಡೋವಾಗ ಬಿಟ್ಟು ಹೋಗ್ತಾರೆ. ನಮ್ಮ ಮೊಮ್ಮಕ್ಕಳು ಕೇಳಿದ್ರೆ ಇಲ್ಲ ಅನ್ನಬೇಕು ಅಂತ್ಲೇ ನನ್ನ ಅಭಿಪ್ರಾಯ. ಅಳ್ಲಿ. ಸುಮ್ನೆ ತಂದಿಡಕ್ಕೂ ಬರಲ್ಲ ಈಗ, ಕಾಗದ ಬೇಕು. ಸೈಟಿಸ್ ಅನ್ನೋ ಅಂತರರಾಷ್ಟ್ರೀಯ ಒಪ್ಪಂದದ ಎರಡನೆ ಪಟ್ಟೀಲಿ ಇದರ ಹೆಸರಿದೆ. ನಮ್ಮ ವನ್ಯಜೀವಿ ಕಾಯ್ದೆಗೆ 2022ರಲ್ಲಿ ತಿದ್ದುಪಡಿ ಆಗಿ, 2024ರಲ್ಲಿ ನಿಯಮ ಬಂದು, ಇಂಥದ್ದನ್ನ ಇಟ್ಕಂಡೋರು ಪರಿವೇಶ್ ಪೋರ್ಟಲಲ್ಲಿ ನೋಂದಣಿ ಮಾಡಿಸಬೇಕು. ಪುಟ್ಟಿ ಅರಣ್ಯ ಇಲಾಖೆಗೆ ಹಿಂಗಿಂಗೆ ಸಿಕ್ತು ಅಂತ ಬರೆದು ಅರ್ಜಿ ಹಾಕಿದ್ಲು. ಬಿಟ್ಟು ಹೋದೋರ ಹತ್ರ ಒಂದು ಚೀಟಿಯೂ ಇರ್ಲಿಲ್ಲ.

ಬಿಳಿದನ್ನ ಅವಳೇ ಇಟ್ಕಂಡಿದಾಳೆ. ಉಳವಿಗೆ ಬರಲಿಲ್ಲ. ನಾನು ವಾಪಸ್ ಬಂದ ಮೇಲೆ ಗಾಜಿನ ತೊಟ್ಟೀನ ಹರಳಿಲ್ಲದೆ ಬರೀ ತಳ ಇಟ್ಟು, ಪರಿಚಯದೋರ ಹಳೇ ತೊಟ್ಟಿಯಿಂದ ಒಂದು ತುಂಡು ಕೊಳಕು ಸ್ಪಂಜು ಹೆಪ್ಪಿಗೆ ಅಂತ ಇಸ್ಕಂಡು, ಐದು ವಾರ ಪ್ರಾಣಿ ಇಲ್ದೆ ಓಡಿಸಿದ್ಲು. ಅಮೋನಿಯಾ ಸೊನ್ನೆ, ನೈಟ್ರೈಟ್ ಸೊನ್ನೆ ಒಂದು ವಾರ ಸತತ ಬಂದ ಮೇಲೇ ಬಿಟ್ಟಿದ್ದು. ತಂಪಿನ ಯಂತ್ರಕ್ಕೆ ಬಂದ ಖರ್ಚಲ್ಲಿ ನಾನೂ ಸ್ವಲ್ಪ ಕೊಟ್ಟೆ, ಮನೆಯವರಿಗೆ ಹಲ್ಲಿನ ಲೆಕ್ಕದಲ್ಲಿ ಹೇಳಿದೀನಿ, ನೀವ್ಯಾರೂ ಬಾಯಿ ಬಿಡಬೇಡಿ.

ಪ್ರತಿ ಭಾನುವಾರ ತಕ್ಕಡಿ ಫೋಟೋ ಕಳಿಸ್ತಾಳೆ. ಬಂದಾಗ 58 ಗ್ರಾಂ ಇತ್ತು. ನಿನ್ನೆ ಸಂಜೆ 74. ಬೂಷ್ಟು ಹಿಡಿದು ಉದುರಿ ಹೋಗಿದ್ದ ಎಡಗಡೆ ಗರೀಲಿ ಹೊಸ ಎಳೆ ಬರ್ತಾ ಇದೆ, ಇನ್ನೂ ಸಣ್ಣ, ರಾಗಿ ಮೊಳಕೆಯಷ್ಟು. ಪಟ್ಟೀಲಿ ಇನ್ನೊಂದು ಪುಟಾನೂ ಇದೆ, ಕರಿದರದ್ದು. ಅದರಲ್ಲಿ ಏನೂ ಬರ್ದಿಲ್ಲ.